ಎರಡು ಪೆಟ್ಟಿಗೆ

ದೇರಳಕಟ್ಟೆಯ ಗುಡ್ಡದ ಮೇಲೆ, ನಾಲ್ಕನೇ ಮಹಡಿಯಲ್ಲಿ
ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಕೋಣೆ.
ಮೊದಲ ಪೆಟ್ಟಿಗೆಯ ನಡುವೆ ಗೋಡೆ, ಗೋಡೆಯಲ್ಲಿ ಕಿಂಡಿ.
ಬಜರ್ ಕೂಗಿದ ಐದು ಸೆಕೆಂಡಿಗೆ ಕಂಬಿಗಳಲ್ಲಿ ಕರೆಂಟು.
ಅಷ್ಟರೊಳಗೆ ಆಚೆ ದಾಟಿದರೆ ಬಚಾವು.

ಮಾರ್ಕರಿನಿಂದ ಬಾಲಕ್ಕೆ ಗೆರೆ ಎಳೆಯುತ್ತೇನೆ:
ಒಂದು ಗೆರೆ ಬರೀ ಉಪ್ಪುನೀರು, ಮೂರು ಗೆರೆ ಔಷಧಿ.
ಉಪ್ಪುನೀರಿನದು ಕಲಿಯಲು ನಾಲ್ಕು ದಿನ ತಗೊಂಡಿತು,
ಮೂಲೆಯಲ್ಲಿ ಮುದ್ದೆಯಾಗಿ, ಉಚ್ಚೆ ಹೊಯ್ದುಕೊಂಡು.
ಮೂರು ಗೆರೆಯದು ಎರಡನೇ ಸಂಜೆಗೇ
ಬಜರ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಚೆ.
ಹಾಳೆಯಲ್ಲಿ ನೂರಕ್ಕೆ ತೊಂಬತ್ತೆರಡು.
"ಫಸ್ಟ್ ಕ್ಲಾಸ್ ಬಂತಲ್ಲ ಮಾರಾಯ್ರೆ," ಎಂದರು ಐತಪ್ಪಣ್ಣ,
ಪಂಜರಕ್ಕೆ ಭತ್ತದ ಹೊಟ್ಟು ಸುರಿಯುತ್ತ.

ಆದರೆ ಅದು ಬಜರ್ ಇಲ್ಲದಾಗಲೂ ದಾಟುತ್ತಿತ್ತು.
ಈಚೆ, ಆಚೆ, ಈಚೆ.
ಅದಕ್ಕೆ ಬೇರೆ ಕಾಲಮ್ಮು ಇದೆ; ತುಂಬಿಸಿದೆ.

ಗುರುವಾರ ಎರಡನೇ ಪೆಟ್ಟಿಗೆ.
ನಡುವೆ ಒಂದು ಮಣೆ, ಅಂಗೈಯಗಲ.
ಇಲ್ಲಿ ಪಾಠ ಉಲ್ಟಾ: ಇಳಿದರೆ ಕರೆಂಟು, ಕೂತರೆ ಏನೂ ಇಲ್ಲ.
ಉಪ್ಪುನೀರಿನದು ಒಂದೇ ಸಲಕ್ಕೆ ಕಲಿತು
ಮರುದಿನ ಮಣೆಯ ಮೇಲೆ ಕೂತೇ ಕೂತಿತು, ಮೀಸೆ ತೀಡುತ್ತ.
ಮೂರು ಗೆರೆಯದು ಇಳಿಯಿತು. ಚೀರಿತು. ಹತ್ತಿತು. ಇಳಿಯಿತು.
ಗೊತ್ತಿಲ್ಲದೆ ಅಲ್ಲ; ಇಳಿಯುವ ಮುಂಚೆ
ಮುಂಗಾಲು ಗಾಳಿಯಲ್ಲಿಟ್ಟು ತಡೆದದ್ದನ್ನು ನಾನು ನೋಡಿದ್ದೇನೆ.

ಅದೇ ಸೂಜಿ, ಅದೇ ಅಳತೆ.
"ನೆನಪಿನ ಕೊರತೆ" ಎಂದು ಬರೆದು, ಹೊಡೆದುಹಾಕಿ,
ಪೆನ್ನು ಕಚ್ಚುತ್ತ ಕೂತೆ.

ಐತಪ್ಪಣ್ಣ ಎಡಗೈ ಮೇಜಿನ ಮೇಲಿಟ್ಟರು. ಬೆರಳು ಮೂರು.
ದಕ್ಕೆಯ ಬೋಟಿನಲ್ಲಿ ಹನ್ನೊಂದು ವರ್ಷ.
ಮೂರು ರಾತ್ರಿ ಬಲೆ ಎಳೆಯುವಾಗ ತಂಡೇಲ ಕೊಡುತ್ತಿದ್ದ
ಕರಿ ಚಹಾ, ಅದರ ಜೊತೆ ಒಂದು ಬಿಳಿ ಮಾತ್ರೆ.
"ನನ್ನಷ್ಟು ಚುರುಕು ಯಾರೂ ಇರಲಿಲ್ಲ.
ಸೀಟಿ ಊದುವ ಮೊದಲೇ ಹಗ್ಗದ ಹತ್ತಿರ ನಾನು.
ಆ ದಿವಸ ವಿಂಚು ಸಿಕ್ಕಿಕೊಂಡಿತು. ತಂಡೇಲ ಬೊಬ್ಬೆ ಹಾಕಿದ:
ಮುಟ್ಟಬೇಡ, ಕೂತ್ಕೋ.
ಕೇಳಿತು ಮಾರಾಯ್ರೆ. ಸರೀ ಕೇಳಿತು."

ಮತ್ತೆ ಮಾತಿಲ್ಲ. ಹೊಟ್ಟಿನ ಗೋಣಿ ಕಟ್ಟಿದರು,
ಹಲ್ಲಿನಿಂದ ಹಗ್ಗ ಬಿಗಿದು.

ಆರೂಕಾಲರ ಬಸ್ಸು. ತೊಕ್ಕೊಟ್ಟಿನಲ್ಲಿ "ರೈಟ್ ಪೋಯಿ" ಎಂದ ಕಂಡಕ್ಟರ್,
ನೇತ್ರಾವತಿ ಸೇತುವೆ ಮೇಲೆ ಎಲ್ಲ ನಿಂತಿತು.
ಬೆಳಗಿನಿಂದ ಐದು ಲೋಟ ಕಾಫಿ ಕುಡಿದ ನಾನು
ಸೀಟಿನಿಂದ ಎದ್ದೆ, ಕೂತೆ, ಎದ್ದೆ.
ಪಕ್ಕದ ಹೆಂಗಸು ಬೂತಾಯಿಯ ಚೀಲ ಸರಿಸಿಕೊಂಡು ಕೇಳಿದಳು:
"ಇಳಿಯಲಿಕ್ಕುಂಟಾ?"
"ಇಲ್ಲ," ಎಂದೆ, ಕಂಬಿ ಹಿಡಿದುಕೊಂಡು.