ಅಡ್ಡಗೆರೆ

ಮುಖ ಗೊತ್ತಿಲ್ಲ ನನಗೆ ಯಾರದೂ,
ಅಂಗುಳು ಗೊತ್ತು.
ಇಪ್ಪತ್ತಾರು ವರ್ಷ ಹಂಪನಕಟ್ಟೆಯ ಈ ಎರಡನೇ ಮಾಳಿಗೆಯಲ್ಲಿ
ಪ್ಲಾಸ್ಟರಿನ ಬಾಯಿಗಳಿಗೆ ಹಲ್ಲು ಕೂರಿಸಿದ್ದೇನೆ,
ಗುಲಾಬಿ ಮೇಣ ಕಾಸಿ, ಒಸಡು ತಿದ್ದಿ.
ನಾಲಗೆಯನ್ನು ಮಾತ್ರ ಯಾವ ಡಾಕ್ಟರೂ ಕಳಿಸುವುದಿಲ್ಲ.

ಕರೆಂಟು ಹೋದ ಮಧ್ಯಾಹ್ನ
ಝುಹರಾ ಬೂತಾಯಿ ತಿಂದ ಕೈ ತೊಳೆದು ಬಂದು
ಮೇಜಿನ ಬಿಳಿ ಹುಡಿಯಲ್ಲಿ ಬೆರಳಾಡಿಸಿದಳು:
"ಹರಿಣಕ್ಕ, ಇದು ಕೊರಿಯಾದ್ದು. ಸೀರಿಯಲ್ ನೋಡಿ ನೋಡಿ ಕಲಿತದ್ದು."

ㄱ
ಗೋಡೆಗೆ ಸಿಕ್ಕಿಸಿದ ಕತ್ತಿಯಾ ಅಂದೆ.
ಅಲ್ಲವಂತೆ. ನಾಲಗೆಯ ಬುಡ ಎದ್ದು
ಗಂಟಲಿಗೆ ಅಡ್ಡ ನಿಂತದ್ದಂತೆ.
ㄴ ಅಂದರೆ ತುದಿ ಮೇಲಕ್ಕೆ, ಹಲ್ಲಿನ ಹಿಂದಕ್ಕೆ.
ㅅ ಹಲ್ಲು. ㅁ ಮುಚ್ಚಿದ ಬಾಯಿ.
ನಾನು ಸುಮ್ಮನಾದೆ.
ಇಷ್ಟು ವರ್ಷ ಬಾರದ ನಾಲಗೆ
ಬಿಲ್ಲಿಲ್ಲದೆ, ಡಬ್ಬಿಯಿಲ್ಲದೆ, ಹುಡಿಯಲ್ಲಿ ಬಂದಿತ್ತು.

"ಕ" ಅಂದರೆ ಅಷ್ಟು ಗಟ್ಟಿ ಬೇಡ ಅನ್ನುತ್ತಾಳೆ,
"ಗ" ಅಂದರೆ ಅಷ್ಟು ಮೆತ್ತಗೂ ಬೇಡ.
ನಡುವೆ ಒಂದು ಓಣಿ ಉಂಟಂತೆ, ನುಸುಳಬೇಕಂತೆ.
ಮಹಾಪ್ರಾಣಕ್ಕೆಂದು, ಹಲ್ಲು ಕಚ್ಚಿಸಿ ನೋಡುವ ನೀಲಿ ಕಾಗದ
ನನ್ನ ತುಟಿಯೆದುರು ಹಿಡಿದಳು.
"ಖ!"
ಕಾಗದ ಅಲ್ಲಾಡಲಿಲ್ಲ.
ಐವತ್ತೊಂದಕ್ಕೆ ನನ್ನಲ್ಲಿ ಅಷ್ಟೇ ಪ್ರಾಣ.
ಆಮೇಲೆ ನಕ್ಕಾಗ ನಡುಗಿತು.

ಕೊನೆಗೆ ಅವಳು ಎಳೆದದ್ದು ಒಂದು ಅಡ್ಡಗೆರೆ, ಅಷ್ಟೇ.
ㅡ
"ಉ ಹೇಳಬಾರದು. ತುಟಿ ಉರುಟು ಮಾಡದೆ, ಅಗಲಿಸಿ..."
ಅವಳು ಮುಗಿಸುವ ಮೊದಲೇ ನನ್ನ ಬಾಯಿಗೆ ಬಂದಿತ್ತು.
ನೀರ್ ಅನ್ನುವಾಗ, ಕಣ್ಣ್ ಅನ್ನುವಾಗ
ಅಮ್ಮನ ತುಳುವಿನ ಬಾಲದಲ್ಲಿ ನೇತಾಡುತ್ತಿದ್ದ
ಆ ಅರೆ ಉಸಿರು.
"ನಮ್ಮ ಬ್ಯಾರಿಯಲ್ಲೂ ಉಂಟು," ಅಂದಳು ಝುಹರಾ.

ಮೂಲ್ಕಿ ಶಾಲೆ, ಮೂರನೇ ಕ್ಲಾಸು.
ಮನೆಗೆ ಮನೆಯಲ್ಲಿ ಏನಂತೀರಿ, ಬರೀರಿ ಅಂದಿದ್ದರು ಟೀಚರು.
ಇಲ್ಲು ಎಂದು ಬರೆದೆ. ಅಮ್ಮ ಹಾಗೆ ಹೇಳುವುದಿಲ್ಲ.
ಉಜ್ಜಿ, ಇಲ್ಲ ಎಂದು ಬರೆದೆ.
ಗಂಟೆ ಹೊಡೆಯುವವರೆಗೂ ಸ್ಲೇಟಿನಲ್ಲಿ
ನಮ್ಮ ಮನೆ ಇಲ್ಲವಾಗಿಯೇ ಕೂತಿತ್ತು.

ಈಗ ಮೇಣದ ಚೂರಿಯ ತುದಿಯಲ್ಲಿ
ಒಂದರ ಮೇಲೊಂದು ಪೇರಿಸಿ ಬರೆದೆ,
ಝುಹರಾ ಎರಡು ಸಲ ತಿದ್ದಿಸಿದ ಮೇಲೆ ಸರಿಯಾಯಿತು:

일르

ಅರ್ಥ ತಿಳಿಯದ ಯಾರೋ ಒಬ್ಬಳು
ಯಾವುದೋ ಕಡಲಿನಾಚೆ ಇದನ್ನು ಸುಮ್ಮನೆ ಓದಿಕೊಂಡರೂ
ಅಮ್ಮ ಹೇಳಿದಂತೆಯೇ ಕೇಳೀತು.

ಕರೆಂಟು ಬಂತು. ಫ್ಯಾನು ತಿರುಗಿತು.
ಹುಡಿ ಎದ್ದು ಇಬ್ಬರ ತುಟಿಯ ಮೇಲೂ ಕೂತಿತು.
ಸಂಜೆಗೆ ಕೊಡಬೇಕಾದ ಕೆಳದವಡೆ
ಒಂದು ಬಾಕಿ ಉಂಟು.