ಏಪ್ರಿಲಿನಲ್ಲಿ ಗುಳ್ಳೆ ಇರುವುದಿಲ್ಲ

ಹಟ್ಟಿಯ ಲ್ಯಾಬಿನಲ್ಲಿ ನನ್ನದು ಕಲ್ಲು ತೇಯುವ ಕೆಲಸ.
ಗಾಜಿನ ಹಲಗೆ, ಕಾರ್ಬೊರಂಡಮ್ ಪುಡಿ, ಒಂದು ಚೊಂಬು ನೀರು.
ಬೆಣಚುಕಲ್ಲಿನ ಬಿಲ್ಲೆ ಬೆಳಕು ಬಿಡುವಷ್ಟು ತೆಳ್ಳಗಾಗುವ ತನಕ
ಬೆರಳು ಎಂಟು ಬರೆಯುತ್ತಲೇ ಇರಬೇಕು,
ಕನ್ನಡದ ಎಂಟಲ್ಲ, ಇಂಗ್ಲಿಷಿನದು.
ಮೇಡಂ ಮೊದಲ ದಿನವೇ ಹೇಳಿದ್ದರು:
"ಒಲಿ ಹತ್ರ ಒಯ್ಯಬ್ಯಾಡ ದ್ಯಾವಮ್ಮ,
ಕಾದ್ರ ಒಳಗಿನವು ಒಡೀತಾವ."

ಒಳಗಿನವು ಅಂದರೆ ಹನಿಗಳು.
ಕೂದಲನ್ನು ಹತ್ತು ಸೀಳಿದರೆ ಒಂದು ಸೀಳಿನಷ್ಟು.
ಕಲ್ಲು ಕಲ್ಲಾಗುವಾಗ ಹೊರಬೀಳಲಾಗದ ಉಪ್ಪುನೀರು,
ಅದರೊಳಗೆ ಒತ್ತಡಕ್ಕೆ ದ್ರವವಾದ ಸೋಡಾದ ಗ್ಯಾಸು,
ಅದರೊಳಗೊಂದು ಗುಳ್ಳೆ.
ಇನ್ನೂರೈವತ್ತು ಕೋಟಿ ವರ್ಷ ಅಂತಾರೆ.
ನಾನು ಎಣಿಸಲು ಹೋಗಿ ಅಜ್ಜಿಯ ಅಜ್ಜಿಯ ಹತ್ತಿರವೇ ನಿಂತೆ,
ಹೆಸರು ಗೊತ್ತಿರಲಿಲ್ಲ.

ಡಿಸೆಂಬರಿನ ಬೆಳಿಗ್ಗೆ ಅದು ಓಡಾಡುತ್ತಿತ್ತು,
ಸಾಲು ತಪ್ಪಿದ ಇರುವೆಯ ಹಾಗೆ, ಗೋಡೆಯಿಂದ ಗೋಡೆಗೆ.
ಏಪ್ರಿಲಿನಲ್ಲಿ ಧಾರವಾಡದ ಹುಡುಗರು ಬಂದು
ಒಬ್ಬೊಬ್ಬರೇ ಸೂಕ್ಷ್ಮದರ್ಶಕಕ್ಕೆ ಬಾಗಿದರು,
ಒಬ್ಬೊಬ್ಬರೇ ತಲೆಯೆತ್ತಿದರು.
"ಗುಳ್ಳಿ ಎಲ್ಲೈತ್ರೀ?"
ಇರಲಿಲ್ಲ.
ಹೊರಗೆ ನಲವತ್ಮೂರು ಡಿಗ್ರಿ.
ಮೂವತ್ತೊಂದು ದಾಟಿದರೆ ಅದಕ್ಕೆ ಗುಳ್ಳೆಯಾಗಿರುವ ಹಂಗಿಲ್ಲವಂತೆ,
ದ್ರವವೋ ಗಾಳಿಯೋ ಅದಕ್ಕೇ ಗೊತ್ತಿರುವುದಿಲ್ಲವಂತೆ.
ಕರೆಂಟು ಹೋಗಿತ್ತು, ಏಸಿ ಸತ್ತಿತ್ತು.

ಗೇಟಿನ ಹತ್ತಿರ ಮೋದೀನಸಾಬನ ಐಸ್‌ಕ್ಯಾಂಡಿ ಡಬ್ಬಿ.
ಐದು ರೂಪಾಯಿಯ ಕೆಂಪನೆಯದು ತಂದು
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಜಿನ ಪಕ್ಕಕ್ಕಿಟ್ಟೆ.
"ಕಲ್ಲಿಗೆ ತಿನಸ್ತೀಯೇನಬೇ?" ಅಂದ ಜವಾನ.
ನಾನೇ ಮೊದಲು ಬಾಗಿದೆ.
ಹನಿಯ ನಡು ಮಸುಕಾಯಿತು, ನಡುಗಿತು, ಕುದಿಯಿತು
(ತಂಪಿಗೆ ಕುದಿಯುವುದನ್ನು ಅಲ್ಲಿಯತನಕ ನೋಡಿರಲಿಲ್ಲ),
ಆಮೇಲೆ ಒಂದೇ ಒಂದು, ದುಂಡಗೆ,
ಬಂತು.

ಬಂಗಾರವನ್ನು ಹೊತ್ತು ತಂದದ್ದು ಇಂಥ ನೀರೇ, ಅಂದರು ಮೇಡಂ;
ಬಿರುಕಿನಲ್ಲಿ ಇಳಿಸಿ, ತಾನು ಅಲ್ಲೇ ಸಿಕ್ಕಿಬಿದ್ದದ್ದು.
ಸಂಜೆ ಅಪ್ಪನಿಗೆ ಹೇಳಿದೆ.
ಇಪ್ಪತ್ತಾರು ವರ್ಷ ಕೆಳಗಿಳಿದವನು, ಕಣ್ಣಾರೆ ಬಂಗಾರ ಕಂಡದ್ದು ಮೂರು ಸಲ.
"ಅದೂ ಹಮಾಲಿ ಅನ್ನು, ಹಂಗಾರ."
ನಕ್ಕ. ಕೆಮ್ಮಿದ. ಚಹಾ ಕೇಳಿದ.

ಹುಡುಗರು ಹೋದ ಮೇಲೆ ಮೇಜಿನ ಮೇಲೆ ಕೆಂಪು ನೀರು ಹರಡಿತ್ತು.
ನಿನ್ನೆ ರಾತ್ರಿ ಹೆಪ್ಪುಗಟ್ಟಿ ಇವತ್ತು ಮಧ್ಯಾಹ್ನ ಬಿಡುಗಡೆಯಾದದ್ದು.
ಒರೆಸುವಾಗ ಇನ್ನೊಮ್ಮೆ ಇಣುಕಿದೆ:
ಹನಿ ಇತ್ತು, ಗುಳ್ಳೆ ಇರಲಿಲ್ಲ.
ಕೈಗೆ ಅಂಟಂಟು ಸಿಹಿ.