ಅರ್ಧ ಇಂಚು

ಸಂಕ್ರಾಂತಿಗೆ ಹೊಲಿದುಕೊಟ್ಟ ರವಿಕೆಯನ್ನ
ಯುಗಾದಿಗೆ ತಂದು ಮೇಜಿನ ಮೇಲಿಟ್ಟು
'ಎಡಗಡೆ ಸ್ವಲ್ಪ ಬಿಗಿಯಕ್ಕಾ' ಅಂದಳು ಮುನಿರತ್ನ.
ನಾನು ತಲೆ ಎತ್ತಲಿಲ್ಲ.
ಹಬ್ಬದ ರಾಶಿ, ಕಾಜಾ ಹಾಕುವ ಹುಡುಗಿ ಬಂದಿಲ್ಲ,
ಕರೆಂಟು ಹೋಗಿ ಬಂದು ಹೋಗಿ.
ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಟ್ಟೆ.

'ತಂಗಿ ಹತ್ರ ಕೂಲಿ ಕೇಳ್ತೀಯಾ' ಅಂತ
ನಗುನಗುತ್ತಾ ತೊಟ್ಟು ಹೋದಳು.

ಗಡ್ಡೆಗೆ ಜಾಗ ಮಾಡಿಕೊಟ್ಟವಳು ನಾನು.

ಶಿಡ್ಲಘಟ್ಟದ ರೀಲಿಂಗ್ ಮನೆಯಲ್ಲಿ ಹದಿನಾರು ವರ್ಷ
ಕುದಿವ ನೀರಲ್ಲಿ ಗೂಡಿನ ತುದಿಯೆಳೆ ಹುಡುಕಿದ ಬೆರಳು ಅವಳದು.
ಕಣ್ಣಿಗೆ ಕಾಣದ್ದು ಆ ಬೆರಳಿಗೆ ಸಿಗುತ್ತಿತ್ತು.
ಇದೂ ಸಿಕ್ಕಿತ್ತಂತೆ.
ಪಕ್ಕದ ಬಾಂಡಲಿಯ ಶಮೀಮಳಿಗೆ ಹೇಳಿದ್ದಳಂತೆ,
'ಒಂದು ಗೂಡಿನಷ್ಟಿದೆ ಕಣೇ. ನೋಯಲ್ಲ.'
ನನಗೆ ಹೇಳಲಿಲ್ಲ.
ನೋಯದ್ದನ್ನ ಯಾರು ಹೇಳುತ್ತಾರೆ?

ಆಮೇಲೆ ಹದಿನಾಲ್ಕು ತಿಂಗಳು.
ನಾಲ್ಕೂವರೆ ಬಸ್ಸು, ಮಡಿಲಲ್ಲಿ ಫೈಲು,
ಯಾವ ಕಿಟಕಿಗೆ ಯಾವ ಚೀಟಿ ಅಂತ ಗೊತ್ತಾಗುವ ಹೊತ್ತಿಗೆ
ಕಿಟಕಿ ಮುಚ್ಚಿರುತ್ತಿತ್ತು.
ಆ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ತಿಂದ ಚಿತ್ರಾನ್ನದ ಲೆಕ್ಕ
ಯಾವ ಫೈಲಲ್ಲೂ ಇಲ್ಲ.

ತಿಥಿ ಮುಗಿದು ನೆಂಟರು ಹೋದ ಮೇಲೆ
ತಿಂಗಳೊಪ್ಪತ್ತು ಟೇಪು ಮುಟ್ಟಲಿಲ್ಲ.
ಮುಟ್ಟಿದ ವಾರದಲ್ಲೇ ಬಂದರು ಒಬ್ಬ ಟೀಚರಮ್ಮ.
'ಹೋದ ಸಲದ ಅಳತೆನೇ, ಆದ್ರೆ ಬಲಗಡೆ ಯಾಕೋ ಬಿಗಿ.'
ಸೂಜಿ ನಿಂತಿತು.
ಕೇಳಬಾರದ್ದನ್ನ ಕೇಳಿದೆ.
'ರವಿಕೆ ಹೊಲಿಯೋಳಿಗೆ ಯಾಕಮ್ಮ ಇದೆಲ್ಲ'
ಬಟ್ಟೆ ಎಳೆದುಕೊಂಡು ನೇರ ಪಿಳ್ಳಪ್ಪನ ಅಂಗಡಿಗೆ ಹೋದರು.
ಹಿಂದೆಯೇ ನಾನೂ ಹೋದೆ.

ನಮ್ಮ ಹುಡುಗನನ್ನ ಐವತ್ತು ರೂಪಾಯಿ ಜಾಸ್ತಿ ಕೊಟ್ಟು ಎಳೆದುಕೊಂಡವನು
ಪಿಳ್ಳಪ್ಪ. ಒಂಬತ್ತು ವರ್ಷ ಮಾತಿಲ್ಲ.
ಟೀಚರಮ್ಮ ಹೊರಡುವವರೆಗೂ ಕಾದು, ಎಲ್ಲ ಹೇಳಿದೆ.
ಕತ್ತರಿ ಕೆಳಗಿಟ್ಟ.
'ಗಂಡಸು, ನಾನು ಹೆಂಗೆ ಕೇಳಲಿ?'
ಪರದೆ ಹಿಂದೆ ಹೆಮ್ಮಿಂಗ್ ಮಾಡುತ್ತಿದ್ದ ಅವನ ಹೆಂಡತಿ
ತಲೆ ಹೊರಗೆ ಹಾಕಿ,
'ನೀನು ಕೇಳಬೇಡ ಮಾರಾಯ. ಒಳಗೆ ಕಳಿಸು' ಅಂದಳು.

ಶುರುವಾಗಿದ್ದು ಹೀಗೆ. ದೀಪ ಹಚ್ಚಲಿಲ್ಲ, ಟೇಪು ಕತ್ತರಿಸಲಿಲ್ಲ.
ಟೇಪು ಕತ್ತರಿಸಿದರೆ ನಮಗೆ ಹೊಟ್ಟೆಪಾಡು ಹೇಗೆ?

ನೋಂದಣಿಗೆ ಏಳು ಜನ ಬೇಕಂದರು.
ಐವರು ದರ್ಜಿಗಳು, ಶಮೀಮ್,
ಮತ್ತೆ ನಾಲ್ಕೂವರೆ ಬಸ್ಸಿನ ಕಂಡಕ್ಟರ್ ಬಸಪ್ಪಾಜಿ.
ಅರ್ಜಿ ಬರೆಯುವವನು ಪೆನ್ನು ನಿಲ್ಲಿಸಿ,
'ಹೆಸರಲ್ಲಿ ಆ ಕಾಯಿಲೆ ಬೇಡಮ್ಮ, ಯಾರೂ ಬಾಡಿಗೆಗೆ ಜಾಗ ಕೊಡಲ್ಲ.'
ಜಾಗ ಬೇಡ, ಅಂಗಡಿಗಳಿವೆ, ಬರಿ ಅಂದೆ.
ಶಿಡ್ಲಘಟ್ಟ ದರ್ಜಿಗಳ ಕ್ಯಾನ್ಸರ್ ನೆರವು ಸಂಘ.
'ಏನು, ದರ್ಜಿಗಳಿಗೆಲ್ಲ ಕ್ಯಾನ್ಸರಾ?'
ಶಮೀಮ್ ನಕ್ಕಳು. ನನಗೂ ನಗು ಬಂತು,
ಅವಳು ಹೋದ ಮೇಲೆ ಮೊದಲ ಸಲ.

ಮಂಗಳವಾರ ಮಂಗಳವಾರ ನಮ್ಮಲ್ಲಿ ಒಬ್ಬರ ಮಿಷನ್ನು ಸುಮ್ಮನಿರುತ್ತದೆ.
ಆ ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ.
ಯಾವ ಕಿಟಕಿ ಮೊದಲು ಅಂತ ಈಗ ನಮಗೆ ಬಾಯಿಪಾಠ.
ಇಲ್ಲಿವರೆಗೆ ಜೊತೆಗೆ ಹೋದದ್ದು ಇಪ್ಪತ್ತಮೂರು ಜನರಿಗೆ.
ಹದಿನೆಂಟು ಮಂದಿಗೆ ಏನೂ ಇಲ್ಲ,
'ಸುಮ್ಮನೆ ಹೆದರಿಸಿದೆ' ಅಂತ ಬೈದವರೂ ಇದ್ದಾರೆ.
ಆ ಬೈಗುಳ ಕಿವಿಗೆ ಎಷ್ಟು ಹಿತ!
ಉಳಿದವರಲ್ಲಿ ಒಬ್ಬಳನ್ನ ಉಳಿಸಿಕೊಳ್ಳಲಾಗಲಿಲ್ಲ.
ಅವಳ ಹೆಸರು ಇಲ್ಲಿ ಬರೆಯಲ್ಲ.

ಟೀಚರಮ್ಮ ತೋರಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ.
ಸಂತೆಯಲ್ಲಿ ಎದುರಾದರೆ
ಸೆರಗು ಹೊದ್ದು ಆ ಕಡೆ ತಿರುಗುತ್ತಾರೆ.

ಮುನಿರತ್ನಳ ರವಿಕೆ ನನ್ನ ಹತ್ತಿರವೇ ಇದೆ.
ಅಷ್ಟು ವರ್ಷ ಎಳೆ ತೆಗೆದವಳು ತೊಟ್ಟ ಒಂದೇ ರೇಷ್ಮೆ ಅದು.
ಹತ್ತಿಯಾಗಿದ್ದರೆ ಒಗೆದು ಒಗೆದು ಮಾಯುತ್ತಿತ್ತು,
ರೇಷ್ಮೆಯಲ್ಲಿ ಸೂಜಿಯ ತೂತು ಮುಚ್ಚುವುದಿಲ್ಲ.
ಹಳೇ ಹೊಲಿಗೆ ಇದ್ದ ಕಡೆ ಸಣ್ಣ ಚುಕ್ಕಿಗಳ ಸಾಲು,
ಅದರಾಚೆ ನಾನು ಬಿಟ್ಟುಕೊಟ್ಟ ಜಾಗ.
ಸಂಘಕ್ಕೆ ಹೊಸದಾಗಿ ಯಾರಾದರೂ ಬಂದರೆ
ಭಾಷಣ ಮಾಡಲು ನನಗೆ ಬರುವುದಿಲ್ಲ.
ಕಿಟಕಿಯ ಬೆಳಕಿಗೆ ಅದನ್ನು ಹಿಡಿದು
ಬೆರಳಿಟ್ಟು ನೋಡಿ ಅನ್ನುತ್ತೇನೆ.